ಬಾಗಿದ ತಲೆಕಟ್ಟು

ಸಾಹೇಬರು ಶಾಲೆ ನೋಡಲು ಬರುವ ದಿನ ಕಕ್ಕಸು ತೊಳೆಯುವ ಕೆಲಸ ಸುಗುಣಾಳ ಪಾಲಿಗೆ ಬಂತು. ಪಾಲಿಗೆ ಬಂತು ಅನ್ನುವುದೇ ಸುಳ್ಳು. ಪಾಲು ಹಾಕಿದವರು ಯಾರು? ಗಡಿಯಾಚೆ ತಮಿಳು ಸೀಮೆಗೆ ಸೇರಿದ ಮಲ್ಲೇಪಾಳ್ಯದ ಆ ಶಾಲೆಯಲ್ಲಿ ಪಾಠ ಹೇಳುವವರು ಐದು ಜನ. ಐವರಲ್ಲಿ ಇಬ್ಬರು ತಾತ್ಕಾಲಿಕ. ಇಬ್ಬರಲ್ಲಿ ಒಬ್ಬಳು ಊರಾಚೆಯ ದಲಿತರ ಕಾಲನಿಯವಳು. ಪೊರಕೆ ದಾರಿ ತಪ್ಪಲಿಲ್ಲ. ನೆಟ್ಟಗೆ ಅವಳ ಕೈಗೇ ಬಂತು.

ಹೆಡ್‌ಮಾಸ್ಟರ್ ಸುಬ್ರಮಣಿ ಕೆಟ್ಟ ಮನುಷ್ಯನಲ್ಲ. ಹಾಗಂತ ಊರೆಲ್ಲ ಹೇಳುತ್ತದೆ. ಬೈಯುವುದಿಲ್ಲ, ಕೂಗುವುದಿಲ್ಲ. ಮೂರನೇ ತರಗತಿಯ ಬಾಗಿಲಲ್ಲಿ ನಿಂತು, ತಮಿಳು ಬೆರೆಸಿದ ಕನ್ನಡದಲ್ಲಿ ಮೆಲ್ಲಗೆ ಹೇಳಿದ.

"ಸುಗುಣಾ, ಕೊಂಜಂ ಆ ಕಡೆ ನೋಡ್ಕೊಮ್ಮಾ. ಪಂಚಾಯ್ತಿ ಆಳು ಇವತ್ತೂ ಬರ್ಲಿಲ್ಲ. ಹನ್ನೊಂದಕ್ಕೆ ಸಾಹೇಬ್ರು ಬಂದ್ಬಿಡ್ತಾರೆ."

"ಪಾಠ ಮಾಡ್ತಾ ಇದ್ದೀನಿ ಸಾರ್. ಜಯಂತಿ ಮಿಸ್ಸೂ ನನ್ನಂಗೇ ಟೆಂಪರವರಿ. ಒಂದ್ಸಲ ಅವ್ರಿಗೂ ಹೇಳ್ಬೌದಲ್ಲ?"

"ಅವ್ರಿಗೆ ಅಭ್ಯಾಸ ಇಲ್ಲಮ್ಮಾ."

ಅಭ್ಯಾಸ! ಇವಳಿಗೆ ಹುಟ್ಟುತ್ತಲೇ ಅಭ್ಯಾಸವಾಗಿತ್ತೋ ಏನೋ. ಅವಳ ತಾಯಿ ನರಸಮ್ಮ ಇದೇ ಶಾಲೆಯ ಕಸ ಗುಡಿಸಿ, ಇದೇ ಕಕ್ಕಸು ತೊಳೆದು ಮಗಳನ್ನು ಬಿ.ಎಡ್. ಓದಿಸಿದ್ದಳು. ಮಗಳು ಸೀಮೆಸುಣ್ಣ ಹಿಡಿದು ಆ ಶಾಲೆಗೆ ಹೋದ ದಿನ ನರಸಮ್ಮ ಪೊರಕೆಯನ್ನು ಒಲೆಗೆ ಹಾಕಿ ಸುಟ್ಟಳು. ಅದು ಹನ್ನೊಂದು ವರ್ಷದ ಹಿಂದಿನ ಮಾತು. ಸುಟ್ಟ ಪೊರಕೆ ಮತ್ತೆ ಚಿಗುರಿತ್ತು.

ಸುಗುಣಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕಕ್ಕಸಿಗೆ ನೀರಿಲ್ಲದೆ ಮೂರು ದಿನವಾಗಿತ್ತು. ಬೋರ್‌ವೆಲ್ಲಿನ ತೊಟ್ಟಿಯಿಂದ ಹದಿನೆಂಟು ಬಕೆಟ್ ಹೊತ್ತಳು. ಕೈಗೆ ಗವಸಿಲ್ಲ. ಕಟ್ಟಿಕೊಂಡದ್ದನ್ನು ತಂತಿಯಲ್ಲಿ ಕೆದಕಿದಳು. ಬ್ಲೀಚಿಂಗ್ ಪುಡಿ ಕಣ್ಣಿಗೆ ಹತ್ತಿತು, ಬೆರಳ ಸಂದಿಯಲ್ಲಿ ಉರಿಯಿತು. ಎರಡು ಸಲ ವಾಂತಿ ಬಂತು. ತಾನು ಕಕ್ಕಿದ್ದನ್ನೂ ತಾನೇ ತೊಳೆದಳು. ಮೂರನೇ ತರಗತಿಯ ಮಕ್ಕಳು ಕಿಟಕಿಯ ಸರಳು ಹಿಡಿದು ನೋಡುತ್ತಿದ್ದವು. ಅವುಗಳಲ್ಲಿ ಭಾನು ಅನ್ನುವ ಹುಡುಗಿ ಕೂಗಿ ಕೇಳಿದಳು.

"ಮಿಸ್, ನೀವ್ಯಾಕೆ ಮಿಸ್ ತೊಳೀತೀರಾ?"

ಒಳಗೆ ಹೋಗಿ ಮಗ್ಗಿ ಬರೀರಿ ಅಂದಳು ಸುಗುಣಾ.

ಹನ್ನೊಂದಕ್ಕೆ ಸಾಹೇಬರ ಜೀಪು ಬಂತು. ಸುಬ್ರಮಣಿ ಓಡಿಬಂದು, "ನೀನು ಆ ಬೇವಿನ ಮರದ ಹಿಂದೆ ನಿಂತ್ಕೊಮ್ಮಾ. ವಾಸನೆ ಬರ್ತದೆ," ಅಂದ. ಅವಳು ಬಕೆಟ್ ಹಿಡಿದೇ ಮರದ ಹಿಂದೆ ನಿಂತಳು. ಸಾಹೇಬರು ಕಕ್ಕಸಿನ ಫೋಟೋ ತೆಗೆದುಕೊಂಡರು. ಭೇಷ್ ಅಂದರು. ಮೂರನೇ ತರಗತಿ ಮಕ್ಕಳು ಟೀಚರಿಲ್ಲದೆ ಕೂತಿದ್ದನ್ನು ಕಂಡು, "ಇವರ ಟೀಚರ್ ಎಲ್ಲಿ?" ಅಂತ ಕೇಳಿದರು.

"ರಜೆ ಸಾರ್," ಅಂದ ಸುಬ್ರಮಣಿ.

ಹತ್ತು ಮಾರು ದೂರದಲ್ಲಿ ನಿಂತವಳ ಕಿವಿಗೆ ಆ ಮಾತು ಬಿತ್ತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ರಜೆ ಅಂತ ಕೆಂಪು ಶಾಯಿ ಬಿತ್ತು. ಹದಿನೆಂಟು ಬಕೆಟ್ ನೀರು ಹೊತ್ತವಳು ಆ ದಿನ ಶಾಲೆಗೇ ಬಂದಿರಲಿಲ್ಲ! ಹೇಲು ಬಳಿದದ್ದು ಅವಳಿಗೆ ಅಷ್ಟು ಉರಿಯಲಿಲ್ಲ. ಈ ಮಾತು ಉರಿಯಿತು.

ಆ ಭಾನುವಾರ ಅವಳು ತಳಿ ಊರಿನ ಬಸ್ಸು ಹತ್ತಿ, ತನಗೆ ಅಕ್ಷರ ಕಲಿಸಿದ ನಾರಾಯಣಪ್ಪ ಮೇಷ್ಟ್ರ ಮನೆಗೆ ಹೋದಳು.

ಮೇಷ್ಟ್ರಿಗೆ ಎಪ್ಪತ್ತೇಳು. ಬಟ್ಟೆ ಹೊಲಿಯುವ ಮಗಳು ಚಂದ್ರಲೇಖಾಳ ಮನೆಯಲ್ಲಿದ್ದರು. ಮಂಚದ ಕೆಳಗೊಂದು ತಗಡಿನ ಪೆಟ್ಟಿಗೆ. ಗಡಿ ಶಿಕ್ಷಕರ ಸಂಘ ಅಂದರೆ ಈಗ ಅದೇ ಪೆಟ್ಟಿಗೆ. ಒಳಗೆ ಒಂದು ಬಾವುಟ, ನಾಲ್ಕು ನಡಾವಳಿ ಪುಸ್ತಕ, ಸತ್ತವರ ಫೋಟೋಗಳು.

ಸಂಘ ಒಂದು ಕಾಲದಲ್ಲಿ ಪೆಟ್ಟಿಗೆಯಷ್ಟು ಸಣ್ಣದಾಗಿರಲಿಲ್ಲ. ಗುಮ್ಮಳಾಪುರದ ಸುತ್ತಿನ ಒಂಟಿ ಮೇಷ್ಟ್ರ ಶಾಲೆಗಳಲ್ಲಿ ಆಗ ಕಾಲನಿ ಮಕ್ಕಳು ಜಗಲಿಯ ಮೇಲೆ ಕೂರಬೇಕಿತ್ತು. ಮಳೆ ಬಂದರೂ ಅಲ್ಲೇ. ನೀರು ಕೇಳಿದರೆ ಮೇಲಿಂದ ಹೊಯ್ಯುತ್ತಿದ್ದರು. ಒಂಬತ್ತು ಜನ ಮೇಷ್ಟ್ರು ಸೇರಿ, ಜಗಲಿಯ ಮಕ್ಕಳು ಒಳಗೆ ಬರುವವರೆಗೆ ಒಳಗಿನ ಮಕ್ಕಳಿಗೂ ಪಾಠವಿಲ್ಲ ಅಂದರು. ಜಮೀನಿನವರು ಠಾಣೆಗೆ ಹೋದರು. ಇವರು ಕಮ್ಯುನಿಸ್ಟರು ಅಂದರು. ಒಂಬತ್ತು ಜನ ಕೆಂಪು ಬಾವುಟ ಹಿಡಿದದ್ದು ನಿಜ, ಅದನ್ನು ಯಾರೂ ಮುಚ್ಚಿಡಲಿಲ್ಲ. ಆದರೆ ಎಂಬತ್ತನೇ ಇಸವಿಯಲ್ಲಿ ಧರ್ಮಪುರಿ ಕಡೆಯೆಲ್ಲ ಪೊಲೀಸರು ನಕ್ಸಲರನ್ನು ಹುಡುಕುತ್ತಿದ್ದರು. ಬಾವುಟ ಹಿಡಿದವನೂ ಒಂದೇ, ಬಂದೂಕು ಹಿಡಿದವನೂ ಒಂದೇ. ಒಂಬತ್ತು ಜನರನ್ನೂ ಎತ್ತಿಕೊಂಡು ಹೋದರು. ಸಂಘದ ಕರಪತ್ರ ಅಚ್ಚು ಹಾಕಿದ ಡೆಂಕಣಿಕೋಟೆಯ ಶ್ಯಾಮಣ್ಣನ ಪ್ರೆಸ್ಸನ್ನು ಒಡೆದರು. ಶ್ಯಾಮಣ್ಣನಿಗೆ ಸಂಘ ಯಾವುದು ಸಂತೆ ಯಾವುದು ಗೊತ್ತಿರಲಿಲ್ಲ. ಮದುವೆ ಕಾಗದ ಅಚ್ಚು ಹಾಕಿ ಬದುಕುವವನು. ಹೊಡೆದ ಹೊಡೆತಕ್ಕೆ ಅವನ ಎರಡು ಕಿವಿಯೂ ಹೋದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಆವತ್ತು ಸಂಘ ಎರಡು ಕಟ್ಟಳೆ ಮಾಡಿತು. ಇನ್ನು ಮೇಲೆ ಯಾವ ಕರಪತ್ರವನ್ನೂ ಅಚ್ಚು ಹಾಕಿಸಬಾರದು, ಕೈಯಲ್ಲೇ ಬರೆಯಬೇಕು. ಕೆಳಗೆ ಸಂಘದ ಹೆಸರು ಬಿಟ್ಟು ಯಾರ ಹೆಸರೂ ಇರಬಾರದು. ನಮ್ಮ ಸಲುವಾಗಿ ಇನ್ನೊಬ್ಬ ಬಡವನ ಕಿವಿ ಹೋಗಬಾರದು.

ಠಾಣೆಯಲ್ಲಿ ನಾರಾಯಣಪ್ಪನವರನ್ನು ಒಬ್ಬ ಕೇಳಿದನಂತೆ, "ಬರಿಯೋ ಕೈ ಯಾವುದು?" ಇವರು ಬಲಗೈ ತೋರಿಸಿದರು. ಮೇಷ್ಟ್ರ ಬುದ್ಧಿ ನೋಡಿ, ಪ್ರಶ್ನೆ ಕೇಳಿದರೆ ಸರಿಯುತ್ತರ ಹೇಳಬೇಕು! ಆ ಕೈಯನ್ನು ನೆಲದ ಮೇಲಿಡಿಸಿ ಬೂಟುಗಾಲಲ್ಲಿ ನಿಂತರು. ಎರಡು ಬೆರಳು ಮುರಿದವು. ಕೆಲಸವೂ ಹೋಯಿತು. ಕೋರ್ಟಿಗೆ ಒಂಬತ್ತು ವರ್ಷ ಅಲೆದು ಕೆಲಸ ವಾಪಸು ಪಡೆದರು. ಮಲ್ಲೇಪಾಳ್ಯಕ್ಕೆ ಬಂದರು. ಮುರಿದ ಬೆರಳು ಮಡಿಸಲು ಬರುತ್ತಿರಲಿಲ್ಲ. ಸೀಮೆಸುಣ್ಣ ಹಿಡಿದು ಅಕ್ಷರಕ್ಕೆ ತಲೆಕಟ್ಟು ಎಳೆದರೆ ಗೆರೆ ನಿಲ್ಲಬೇಕಾದಲ್ಲಿ ನಿಲ್ಲುತ್ತಿರಲಿಲ್ಲ, ಮುಂದಕ್ಕೆ ಹೋಗಿ ರಾಗಿ ತೆನೆಯ ಹಾಗೆ ಬಾಗಿಬಿಡುತ್ತಿತ್ತು. ಮಕ್ಕಳಿಗೇನು ಗೊತ್ತು? ತಲೆಕಟ್ಟು ಅಂದರೆ ಹಾಗೇ ಇರಬೇಕು ಅಂತ ಕಲಿತವು. ಹದಿನೇಳು ವರ್ಷ ಕಲಿತವು. ರೇಷನ್ ಅಂಗಡಿಯ ಬೋರ್ಡು, ಹಾಲಿನ ಡೇರಿಯ ಲೆಕ್ಕ, ದೇವಸ್ಥಾನದ ಗೋಡೆ, ಮಲ್ಲೇಪಾಳ್ಯದಲ್ಲಿ ಯಾರು ಎಲ್ಲಿ ಬರೆದರೂ ತಲೆಕಟ್ಟು ಬಾಗಿರುತ್ತಿತ್ತು. ಸುಗುಣಾಳದೂ ಬಾಗಿತ್ತು. ಅವಳಿಂದ ಕಲಿತ ಭಾನುವಿನದೂ ಬಾಗಿತ್ತು.

ಮೇಷ್ಟ್ರು ಎಲ್ಲ ಕೇಳಿಸಿಕೊಂಡರು. ಈಗ ಆರು ವರ್ಷದಿಂದ ಅವರ ಎರಡು ಕೈಯೂ ನಡುಗುತ್ತವೆ. ಟೀ ಲೋಟವನ್ನು ಚಂದ್ರಲೇಖಾ ಬಾಯಿಗೆ ಹಿಡಿಯಬೇಕು.

"ರಜೆ ಅಂದ್ನಾ?" ಅಂದರು.

"ಹೂಂ ಮೇಷ್ಟ್ರೇ. ನಾನು ಅಲ್ಲೇ ನಿಂತಿದ್ದೆ."

"ನಾವು ಜಗಲಿಯಿಂದ ಒಳಕ್ಕೆ ಕರ್ಕೊಂಡ್ ಬಂದೋ. ಇವ್ರು ಒಳಗಿಂದ ಕಕ್ಕಸಿಗೆ ಕಳಿಸ್ಬುಟ್ರಲ್ಲ ಸುಗುಣಮ್ಮ." ಮೇಷ್ಟ್ರ ಕಣ್ಣು ತುಂಬಿತು. "ಪೆಟ್ಟಿಗೆ ತೆಗಿ."

ಒಳಗಿಂದ ಚಂದ್ರಲೇಖಾ ಹೊಲಿಗೆ ಮಿಶನ್ ನಿಲ್ಲಿಸಿ, "ಅಪ್ಪಾ, ಸುಮ್ನಿರು. ನಿಂಗೇನ್ ಇನ್ನೂ ಇಪ್ಪತ್ತೈದಾ?" ಅಂದಳು. ಅವಳ ಮಾತನ್ನು ಯಾರೂ ಕೇಳಲಿಲ್ಲ. ಕೇಳಬೇಕಿತ್ತೋ ಏನೋ.

ಸುಗುಣಾ, ಜಯಂತಿ ಸೇರಿ ಸುತ್ತಿನ ಊರುಗಳ ಹದಿನಾಲ್ಕು ಜನ ತಾತ್ಕಾಲಿಕ ಶಿಕ್ಷಕರು ಒಪ್ಪಿದರು. ಒಂದೇ ದಿನ, ಸೋಮವಾರ, ಕೆಲಸ ನಿಲ್ಲಿಸುವುದು. ಕರಪತ್ರ ಬರೆಯುವ ಕೆಲಸ ಸುಗುಣಾಳದು. ಕಟ್ಟಳೆಯ ಪ್ರಕಾರ ಕೈಯಲ್ಲೇ ಬರೆದಳು, ಇಪ್ಪತ್ತೆರಡು ಹಾಳೆ.

"ಪಾಠ ಹೇಳುವ ಕೈಗೆ ಪೊರಕೆ ಕೊಡಬೇಡಿ. ಕೊಡುವುದಾದರೆ ಐವರಿಗೂ ಕೊಡಿ. ತೊಳೆದವಳಿಗೆ ರಜೆ ಹಾಕಬೇಡಿ. ಸೋಮವಾರ ನಾವು ಶಾಲೆಗೆ ಬರುವುದಿಲ್ಲ. ಗಡಿ ಶಿಕ್ಷಕರ ಸಂಘ."

ಬೇರೆ ಯಾರಾದರೂ ಆಗಿದ್ದರೆ ಎಡಗೈಯಲ್ಲಿ ಗೀಚುತ್ತಿದ್ದರು. ಕಳ್ಳನೂ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಾನೆ. ಆದರೆ ಇವಳು ಮೇಷ್ಟ್ರ ಶಿಷ್ಯೆ, ಸ್ವತಃ ಟೀಚರು. ಗೋಡೆಯ ಮೇಲೆ ಹೋಗುವ ಅಕ್ಷರ ಮಕ್ಕಳ ಕಣ್ಣಿಗೂ ಬೀಳುತ್ತದೆ, ವಂಕರಟಿಂಕರ ಬರೆಯುವುದು ಹೇಗೆ? ಅಡಿಪಟ್ಟಿ ಇಟ್ಟು ಪೆನ್ಸಿಲಿನ ಗೆರೆ ಎಳೆದು, ಕರಿಹಲಗೆಯ ಮೇಲೆ ಬರೆಯುವ ಹಾಗೆಯೇ ದುಂಡಗೆ ಬರೆದಳು. ಅದೊಂದೇ ಅವಳು ಮಾಡಿದ ತಪ್ಪು.

ಸೋಮವಾರ ಹದಿನಾಲ್ಕು ಜನ ಶಿಕ್ಷಣ ಇಲಾಖೆಯ ಕಚೇರಿಯ ಮುಂದೆ ಮರದ ಕೆಳಗೆ ಕೂತರು. ಮೇಷ್ಟ್ರನ್ನು ಆಟೋದಲ್ಲಿ ಕರೆತಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದರು. ಬಣ್ಣ ಹೋದ ಬಾವುಟ ಕುರ್ಚಿಗೆ ಕಟ್ಟಿತ್ತು. ಒಬ್ಬರೂ ಕಲ್ಲೆಸೆಯಲಿಲ್ಲ. ಒಬ್ಬರೂ ಜೋರಾಗಿ ಕೂಗಲೂ ಇಲ್ಲ, ಟೀಚರುಗಳಲ್ಲವೇ. ಸಂಜೆ ಐದಕ್ಕೆ ಎದ್ದು ಬಸ್ಸು ಹಿಡಿದರು. ಅಷ್ಟರಲ್ಲಿ ಯಾರೋ ಆ ಬಾವುಟದ ಫೋಟೋ ತೆಗೆದು ಮೊಬೈಲಿನಲ್ಲಿ ಹರಿಯಬಿಟ್ಟಿದ್ದರು. ಕೆಳಗೆ ತಮಿಳಿನಲ್ಲಿ, ನಕ್ಸಲ್ ಮೇಷ್ಟ್ರು ಮತ್ತೆ ಬಂದಿದ್ದಾನೆ ಅಂತ ಬರೆದಿತ್ತು.

ಬುಧವಾರ ಪೊಲೀಸರು ಬಂದು ಮೇಷ್ಟ್ರನ್ನು ಕರೆದುಕೊಂಡು ಹೋದರು. ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋದರು. ನಲವತ್ತೈದು ವರ್ಷದ ಹಳೆಯ ಫೈಲು ಅವರ ಹತ್ತಿರ ಹಾಗೇ ಇತ್ತು. ಈ ದೇಶದಲ್ಲಿ ಕಾಲನಿಯವರ ಪಟ್ಟಾ ಕಾಗದ ಕಳೆದುಹೋಗುತ್ತದೆ, ಜಾತಿ ಸರ್ಟಿಫಿಕೇಟ್ ಕಳೆದುಹೋಗುತ್ತದೆ, ಪೊಲೀಸಿನವರ ಫೈಲು ಮಾತ್ರ ಗೆದ್ದಲು ಹಿಡಿಯುವುದಿಲ್ಲ.

ಕರಪತ್ರ ಹಿಡಿದು ಮಲ್ಲೇಪಾಳ್ಯದಲ್ಲಿ ಮನೆ ಮನೆ ಕೇಳಿದರು, ಇದು ಯಾರ ಬರಹ? ಟೀ ಅಂಗಡಿಯವನು ಹೇಳಿದ, ನಾರಾಯಣಪ್ಪ ಮೇಷ್ಟ್ರದು. ಡೇರಿಯವನು ಹೇಳಿದ, ನಮ್ಮ ಮೇಷ್ಟ್ರದು ಸ್ವಾಮಿ. ಯಾರೂ ಹಗೆಯಿಂದ ಹೇಳಲಿಲ್ಲ. ಎಷ್ಟು ಚೆಂದ ಬರೀತಾರೆ ನೋಡಿ ಅಂತ ಅಭಿಮಾನದಿಂದ ಹೇಳಿದರು. ಶಾಲೆಯ ಹಳೇ ದಾಖಲಾತಿ ಪುಸ್ತಕ ತೆಗೆದು ಹೋಲಿಸಿದರು. ತಲೆಕಟ್ಟು ಬಾಗಿತ್ತು. ಸರಕಾರದ ವಿರುದ್ಧ ಜನರನ್ನು ಎಬ್ಬಿಸಿದ, ನಿಷೇಧಿತ ಸಂಘಟನೆಗೆ ಜೀವ ಕೊಟ್ಟ ಅಂತ ಕೇಸು ಬರೆದರು. ಜಾಮೀನು ಸಿಗದ ಕೇಸು.

ಹದಿನಾಲ್ಕರಲ್ಲಿ ಹದಿಮೂರು ಜನ ಮರುದಿನದೊಳಗೆ ಬರೆದುಕೊಟ್ಟರು. ನಮಗೆ ಸಂಘ ಗೊತ್ತಿಲ್ಲ, ಮೇಷ್ಟ್ರು ದಾರಿ ತಪ್ಪಿಸಿದರು, ಕ್ಷಮಿಸಿ. ಜಯಂತಿ ಫೋನಿನಲ್ಲಿ ಅತ್ತಳು. "ನಂಗೆ ಇಬ್ರು ಮಕ್ಕಳು ಕಣೇ ಸುಗುಣಾ. ಹೊಸೂರಿನ ಫ್ಯಾಕ್ಟರೀಲಿ ಅವ್ರಪ್ಪಂಗೂ ಕಾಂಟ್ರಾಕ್ಟ್ ಕೆಲ್ಸ. ನೀನೂ ಬರ್ಕೊಟ್ಬುಡು."

ಗುರುವಾರ ಸುಬ್ರಮಣಿ ಸುಗುಣಾಳನ್ನು ಕೋಣೆಗೆ ಕರೆದ. ಮೊದಲ ಸಲ ಕುರ್ಚಿ ತೋರಿಸಿ ಕೂರು ಅಂದ. ಮೇಜಿನ ಮೇಲೆ ಒಂದು ಪಟ್ಟಿ ಇತ್ತು. ಗಡಿ ಶಾಲೆಗಳಲ್ಲಿ ಈ ವರ್ಷ ಖಾಯಂ ಆಗುವವರ ಪಟ್ಟಿ. ಆರನೆಯ ಹೆಸರು ಸುಗುಣಾಳದು. ಹನ್ನೊಂದು ವರ್ಷದಿಂದ ಕಾದ ಕಾಗದ.

"ಪೊಲೀಸ್ ವೆರಿಫಿಕೇಶನ್ ಒಂದೇ ಬಾಕಿ. ನಾಳೆ ಠಾಣೆಗೆ ಹೋಗಿ, ಅದು ನಾರಾಯಣಪ್ಪನ ಬರಹ ಅಂತ ಸಾಕ್ಷಿ ಹೇಳಿ ಒಂದು ಸಹಿ ಹಾಕ್ಬಿಡಮ್ಮಾ. ಊರೆಲ್ಲ ಹೇಳಿದ್ದನ್ನೇ ನೀನೂ ಹೇಳೋದು. ಬಡವನ ಕೋಪ ದವಡೆಗೆ ಮೂಲ ಅಂತ ನಿಮ್ಮ ಕನ್ನಡದಲ್ಲೇ ಹೇಳ್ತಾರಲ್ಲ."

"ಅದು ಅವರ ಬರಹ ಅಲ್ಲ ಸಾರ್."

ಸುಬ್ರಮಣಿ ಕಿಟಕಿಯ ಕಡೆ ನೋಡಿದ. "ಅದು ನನಗೂ ಗೊತ್ತಮ್ಮಾ. ನಿನ್ನ ಕರಿಹಲಗೆ ನಾನು ದಿನಾ ನೋಡ್ತೀನಿ." ಕೆಟ್ಟ ಮನುಷ್ಯನಲ್ಲ ಅಂದೆನಲ್ಲ, ಅದು ಇಷ್ಟೇ.

ಮನೆಗೆ ಬಂದು ತಾಯಿಗೆ ಹೇಳಿದಳು. ನರಸಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಸಹಿ ಹಾಕ್ಬುಡು," ಅಂದಳು.

"ಅವ್ವಾ, ನಂಗೆ ಅಕ್ಷರ ಕಲಿಸ್ದೋರು ಕಣವ್ವ ಅವ್ರು. ಅವ್ರ ತಟ್ಟೇಲೇ ನಂಗೆ ಊಟ ಹಾಕವ್ರೆ."

"ನಂಗ್ ಗೊತ್ತಿಲ್ವಾ? ನಿನ್ನ ಒಳಕ್ಕೆ ಕರ್ಕೊಂಡೋಗಿ ಮುಂದ್ಗಡೆ ಕೂರ್ಸಿದ್ದು ನಾನೇ ಕಣ್ಣಾರೆ ಕಂಡಿವ್ನಿ." ನರಸಮ್ಮ ಜರಡಿ ತಟ್ಟಿದಳು. "ಆದ್ರೆ ಅವ್ರಿಗೆ ಇನ್ನೆಷ್ಟ್ ದಿನ ಆಯುಸ್ಸು? ನಿಂಗೆ ಮೂವತ್ತಾರು. ನಾನು ಹೇಲು ಬಾಚಿದ್ದು ನೀನು ಜೈಲಿಗೋಗ್ಲಿ ಅಂತ್ಲಾ? ಹಾಕ್ಬುಡು ನನ್ನವ್ವ. ಪಾಪ ಬಂದ್ರೆ ನಂಗಿರ್ಲಿ."

ತಾಯಿ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಹೋದಳು. ಸಹಿ ಹಾಕಿಬಿಡೋಣ ಅಂತಲೇ ಹೋದಳು, ಅದನ್ನೂ ಹೇಳಿಬಿಡಬೇಕು. ದಾರಿಯುದ್ದಕ್ಕೂ ಬಸ್ಸಿನಲ್ಲಿ, ಒಂದು ಸಹಿ, ಒಂದೇ ಸಹಿ ಅಂತ ತನಗೆ ತಾನೇ ಹೇಳಿಕೊಂಡಳು.

ಇನ್ಸ್‌ಪೆಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಮಧ್ಯೆ ಮುನೀಂದ್ರ ಅನ್ನುವ ಕಾನ್‌ಸ್ಟೇಬಲ್ ಕೂತಿದ್ದ. ಮಲ್ಲೇಪಾಳ್ಯದವನೇ, ಮೂವತ್ತರ ಹುಡುಗ. ಅವನು ಸಾಕ್ಷಿ ಹೇಳಿಕೆಯನ್ನು ಕನ್ನಡದಲ್ಲಿ ಬರೆದು ಸಿದ್ಧ ಮಾಡಿದ್ದ. ಮೂಲೆಯಲ್ಲಿ ನೆಲದ ಮೇಲೆ ನಾರಾಯಣಪ್ಪ ಮೇಷ್ಟ್ರು ಗೋಡೆಗೆ ಒರಗಿ ಕೂತಿದ್ದರು. ಪಂಚೆ ಒದ್ದೆಯಾಗಿತ್ತು. ಕಕ್ಕಸಿಗೆ ಕರೆದುಕೊಂಡು ಹೋಗಿ ಅಂತ ಎರಡು ಸಲ ಕೇಳಿದ್ದರಂತೆ. ಯಾರೂ ಏಳಲಿಲ್ಲವಂತೆ. ಅವರ ಎಡಗೈ ಹೆಬ್ಬೆರಳಿಗೆ ನೀಲಿ ಶಾಯಿ ಮೆತ್ತಿತ್ತು.

ಪೆನ್ನು ಹಿಡಿಯಲು ಆಗದೆ ಹೋದದ್ದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಒಂದು ಊರಿಗೆ ಊರನ್ನೇ ಹೆಬ್ಬೆಟ್ಟಿನಿಂದ ಬಿಡಿಸಿದ ಮೇಷ್ಟ್ರು. ಅವರ ಹೆಬ್ಬೆಟ್ಟು!

ಆ ನೀಲಿ ಬೆರಳು ಕಂಡದ್ದೇ, ಬಸ್ಸಿನಲ್ಲಿ ಗಟ್ಟಿ ಮಾಡಿಕೊಂಡದ್ದೆಲ್ಲ ಸುಗುಣಾಳ ಎದೆಯಿಂದ ಕಳಚಿ ಬಿತ್ತು.

"ಪೆನ್ನೇ ಹಿಡಿಯೋಕಾಗ್ದಿದ್ ಕೈ ಇಪ್ಪತ್ತೆರಡು ಹಾಳೆ ಹೆಂಗ್ಸಾರ್ ಬರೀತದೆ?" ಅಂದಳು.

ಮುನೀಂದ್ರ ಅದನ್ನು ತಮಿಳಿಗೆ ಹೇಳಲಿಲ್ಲ. ತಲೆ ತಗ್ಗಿಸಿದ. ಅವಳು ತಾನೇ ತಮಿಳಿನಲ್ಲಿ ಹೇಳಿದಳು. ಇನ್ಸ್‌ಪೆಕ್ಟರ್ ನಕ್ಕ. "ನಡಿಪ್ಪುಮ್ಮಾ, ಎಲ್ಲಾ ನಾಟಕ. ನೀ ಸಹಿ ಹಾಕು, ಮನೆಗೆ ಹೋಗು."

"ಹಾಕಲ್ಲ. ಅದನ್ನ ಬರೆದಿದ್ದು ನಾನು."

ಮೂಲೆಯಿಂದ ಮೇಷ್ಟ್ರು ಕೂಗಿದರು, "ಏ ಹುಚ್ಚಿ! ಸಹಿ ಹಾಕಿ ಹೋಗು. ನಂದು ಹೆಂಗಿದ್ರೂ ಮುಗ್ದಿರೋ ಬಾಳು." ಅವರ ಜೀವಮಾನದಲ್ಲಿ ಅವಳನ್ನು ಗದರಿದ್ದು ಅದೊಂದೇ ಸಲ.

ಇನ್ಸ್‌ಪೆಕ್ಟರ್ ಬಿಳಿ ಹಾಳೆ ಅವಳ ಮುಂದೆ ಎಸೆದ. ಬರಿ, ಅದೇ ಕರಪತ್ರವನ್ನು ಹತ್ತು ಸಲ ಬರಿ ಅಂದ. ಅವನು ಫೋನಿಗೆ ಅಂತ ಹೊರಗೆ ಹೋದಾಗ ಮುನೀಂದ್ರ ಬಗ್ಗಿ ಪಿಸುಗುಟ್ಟಿದ.

"ಅಕ್ಕ, ನಿಮ್ ಕಾಲಿಗ್ ಬೀಳ್ತೀನಿ. ಸೊಟ್ಟಸೊಟ್ಟಗೆ ಬರೀರಿ. ತಲೆಕಟ್ಟು ಬಗ್ಗಿಸ್ಬ್ಯಾಡಿ. ನಿಮ್ದಲ್ಲ ಅಂತಾಯ್ತದೆ, ಬುಟ್ಬುಡ್ತಾರೆ."

ಸುಗುಣಾ ಪೆನ್ನು ತೆಗೆದುಕೊಂಡಳು. ಹಾಳೆಗೆ ಗೆರೆ ಎಳೆದುಕೊಂಡಳು. ಬರೆದಳು. ಪಾಠ ಹೇಳುವ ಕೈಗೆ ಪೊರಕೆ ಕೊಡಬೇಡಿ. ಒಂದೊಂದು ತಲೆಕಟ್ಟನ್ನೂ ಮುಂದಕ್ಕೆ ಎಳೆದು ಬಾಗಿಸಿದಳು. ಹತ್ತು ಸಲ. ಬರೆಯುತ್ತಾ ಬರೆಯುತ್ತಾ ಅವಳ ಕಣ್ಣು ಪಕ್ಕದಲ್ಲಿದ್ದ ಸಾಕ್ಷಿ ಹೇಳಿಕೆಯ ಮೇಲೆ ಬಿತ್ತು. ಮುನೀಂದ್ರ ಬರೆದ ಹೇಳಿಕೆ. ಅದರಲ್ಲೂ ಮೊದಲಿಂದ ಕೊನೆಯವರೆಗೆ ತಲೆಕಟ್ಟು ಬಾಗಿತ್ತು.

ಅವಳು ನೋಡಿದ್ದನ್ನು ಮುನೀಂದ್ರ ನೋಡಿದ. ಮೆಲ್ಲಗೆ ಅಂಗೈಯನ್ನು ಆ ಹಾಳೆಯ ಮೇಲಿಟ್ಟು ಮುಚ್ಚಿದ. ಇನ್ಸ್‌ಪೆಕ್ಟರ್ ಒಳಗೆ ಬಂದ. ಒಂದು ಮಾತು ಸಾಕಿತ್ತು. ಸಾರ್, ಈ ಬರಹ ಯಾರದು ನೋಡಿ, ನಿಮ್ಮ ಕೇಸು ಬರೆದವನದೂ ಅದೇ ಕೈ ಅಂದಿದ್ದರೆ ಕೇಸೇ ನಗೆಪಾಟಲಾಗುತ್ತಿತ್ತು. ಇಲ್ಲವೇ ಇನ್ನೊಬ್ಬನ ಕೆಲಸ ಹೋಗುತ್ತಿತ್ತು, ಇನ್ನೊಬ್ಬನ ಕೈ ಬೂಟಿನ ಕೆಳಗೆ ಹೋಗುತ್ತಿತ್ತು. ಅವಳಿಗೆ ಶ್ಯಾಮಣ್ಣನ ಕಿವಿ ನೆನಪಾಯಿತು. ಬಾಯಿ ಮುಚ್ಚಿಕೊಂಡಳು.

ಇನ್ಸ್‌ಪೆಕ್ಟರ್ ಹಾಳೆಯನ್ನು ಕರಪತ್ರದ ಪಕ್ಕ ಹಿಡಿದ. ಒಂದೇ ಬರಹ. ಸುಗುಣಾ ಕಾಯುತ್ತಿದ್ದಳು. ಈಗ ಮೇಷ್ಟ್ರನ್ನು ಬಿಡಬೇಕು. ಲೆಕ್ಕ ಸರಿಯಾಗಿ ಬಿಡಿಸಿದರೆ ಉತ್ತರ ಸರಿ ಬರಬೇಕು, ಟೀಚರಿಗೆ ಗೊತ್ತಿರುವುದು ಅಷ್ಟೇ.

"ಸರಿ," ಅಂದ ಇನ್ಸ್‌ಪೆಕ್ಟರ್ ತಮಿಳಿನಲ್ಲಿ. "ಇವನು ಕಲಿಸಿದ. ಇವಳು ಬರೆದಳು. ತರಬೇತಿ ಕೊಟ್ಟದ್ದಕ್ಕೆ ಸಾಕ್ಷಿಯೂ ಸಿಕ್ಕಿತು." ಮುನೀಂದ್ರನ ಕಡೆ ತಿರುಗಿದ. "ಇವನು ಮೊದಲನೇ ಆರೋಪಿ. ಇವಳು ಎರಡನೇದು. ಬರ್ಕೋ."

ಮುನೀಂದ್ರ ಬರೆದುಕೊಂಡ. ಈ ಸಲ ತಮಿಳಿನಲ್ಲಿ ಬರೆದ.

ಮಾರನೆಯ ದಿನ ಪೊಲೀಸರು ಶಾಲೆಗೆ ಹೋದರು. ಮೂರನೇ ತರಗತಿಯ ಇಪ್ಪತ್ಮೂರು ಮಕ್ಕಳ ಕನ್ನಡ ನೋಟ್‌ಬುಕ್ ಎಣಿಸಿ ಚೀಲಕ್ಕೆ ತುಂಬಿದರು. ಇಪ್ಪತ್ಮೂರರಲ್ಲೂ ಆ ಬರಹ ಇತ್ತು, ಸಾಕ್ಷಿಗೆ ಬೇಕಂತೆ. ಭಾನು ಪುಸ್ತಕ ಬಿಡದೆ ಎದೆಗೆ ಅವಚಿಕೊಂಡಳಂತೆ. ಒಬ್ಬ ಅವಳ ಬೆರಳು ಒಂದೊಂದಾಗಿ ಬಿಡಿಸಿದನಂತೆ.

ಸುಗುಣಾಳಿಗೆ ಜಾಮೀನು ಸಿಕ್ಕಿದ್ದು ಎಪ್ಪತ್ತೊಂದನೇ ದಿನ. ಮೇಷ್ಟ್ರಿಗೆ ಸಿಗಲಿಲ್ಲ. ಮೂರು ಸಲ ಅರ್ಜಿ ಹಾಕಿದರು, ಮೂರು ಸಲವೂ ಹಳೆಯ ಫೈಲು ಅಡ್ಡ ಬಂತು. ಅವರು ಈಗಲೂ ಒಳಗಿದ್ದಾರೆ. ಲೋಟ ಬಾಯಿಗೆ ಹಿಡಿಯುವವರು ಅಲ್ಲಿ ಯಾರಿದ್ದಾರೋ. ಸುಗುಣಾ ತಳಿಗೆ ಹೋದಾಗ ಚಂದ್ರಲೇಖಾ ಬಾಗಿಲು ತೆರೆಯಲಿಲ್ಲ. ಒಳಗಿಂದಲೇ, "ನಿನ್ನ ಕಕ್ಕಸಿಗೋಸ್ಕರ ನಮ್ಮಪ್ಪನ್ನ ಕೊಟ್ಬುಟ್ಯಲ್ಲೇ," ಅಂದಳು.

ಖಾಯಂ ಪಟ್ಟಿಯ ಆರನೇ ಹೆಸರಿನ ಮೇಲೆ ಗೆರೆ ಬಿತ್ತು. ಏಳನೆಯವಳಾದ ಜಯಂತಿ ಆರನೆಯವಳಾದಳು. ಮಲ್ಲೇಪಾಳ್ಯದಲ್ಲಿ ಕನ್ನಡ ಪಾಠಕ್ಕೆ ಇನ್ನೊಬ್ಬರನ್ನು ಹಾಕಲಿಲ್ಲ. ಮಕ್ಕಳು ಕಡಿಮೆ ಅಂತ ಕಾರಣ ಬರೆದು ಕನ್ನಡ ವಿಭಾಗ ಮುಚ್ಚಿದರು. ಕಕ್ಕಸಿಗೂ ಯಾರನ್ನೂ ಹಾಕಲಿಲ್ಲ. ನರಸಮ್ಮ ಹೋಗಿ ತೊಳೆಯುತ್ತಾಳೆ. ಅರವತ್ತೈದರ ಮುದುಕಿ. ಬೇಡವ್ವಾ ಅಂದರೆ, "ಲಾಯರ್ ಹತ್ರ ಬರಿಗೈಲಿ ಹೋಯ್ತೀಯಾ?" ಅನ್ನುತ್ತಾಳೆ.

ಸುಗುಣಾ ಈಗ ಗುಲಾಬಿ ತೋಟದ ಪ್ಲಾಸ್ಟಿಕ್ ಮನೆಯಲ್ಲಿ ಹೂ ಕತ್ತರಿಸುತ್ತಾಳೆ. ಒಳಗೆ ಬೇಯುವ ಸೆಕೆ. ಔಷಧಿ ಹೊಡೆದ ಮರುದಿನವೇ ಒಳಗೆ ಬಿಡುತ್ತಾರೆ. ಮುಳ್ಳು ಚುಚ್ಚಿ ಚುಚ್ಚಿ ಬೆರಳ ತುದಿ ಬಾತುಕೊಂಡಿದೆ, ಪೆನ್ನು ಹಿಡಿದರೆ ನೋಯುತ್ತದೆ. ಹಿಡಿಯುವ ಕೆಲಸವೂ ಬರುವುದಿಲ್ಲ, ಬಿಡಿ. ಪಕ್ಕದ ಸಾಲಿನಲ್ಲಿ ಹೂ ಕತ್ತರಿಸುವವಳು ಮುನಿಗಂಗಮ್ಮ, ಭಾನುವಿನ ತಾಯಿ. ತೋಟದಲ್ಲಿ ಯಾರೂ ಸುಗುಣಾಳ ಜೊತೆ ಮಾತಾಡುವುದಿಲ್ಲ. ಮುನಿಗಂಗಮ್ಮ ಮಾತಾಡುತ್ತಾಳೆ. ಮೇಸ್ತ್ರಿ ಹತ್ತಿರ ಇಲ್ಲದಾಗ ಮಾತ್ರ.

ಒಂದು ಭಾನುವಾರ ಮಧ್ಯಾಹ್ನ ಕೆಲಸ ಬಿಟ್ಟು ಬರುವಾಗ ಮುನಿಗಂಗಮ್ಮ, "ಬನ್ನಿ ಮಿಸ್, ಒಂದ್ ಗುಟುಕು ಮಜ್ಜಿಗೆ ಕುಡ್ದು ಹೋಗಿ," ಅಂತ ಕರೆದಳು. ಇನ್ನೂ ಮಿಸ್ ಅನ್ನುವವಳು ಅವಳೊಬ್ಬಳೇ.

ಹೊಸ್ತಿಲ ಮೇಲೆ ಭಾನು ಬರೆಯುತ್ತಾ ಕೂತಿದ್ದಳು. ಈಗ ಅವಳು ತಮಿಳು ಶಾಲೆಗೆ ಹೋಗುತ್ತಾಳೆ, ಆದರೂ ಮನೆಯಲ್ಲಿ ಕನ್ನಡ ಮರೆಯಬಾರದು ಅಂತ ತಾಯಿ ಒಂದು ಹೊಸ ಪುಸ್ತಕ ತಂದುಕೊಟ್ಟಿದ್ದಳು. ಸುಗುಣಾಳಿಗೆ ತಡೆಯಲಾಗಲಿಲ್ಲ. ಎಷ್ಟು ತಿಂಗಳಾಯಿತು ಒಂದು ಮಗುವಿನ ಪುಸ್ತಕ ನೋಡಿ. ಬಗ್ಗಿ ನೋಡಿದಳು.

ಅಕ್ಷರಗಳು ಮುರಿದುಕೊಂಡು ಬಿದ್ದಿದ್ದವು. ಒಂದು ದೊಡ್ಡದು, ಒಂದು ಸಣ್ಣದು. ಗೆರೆಯಿಂದ ಕೆಳಗೆ ಜಾರಿದ್ದವು. ತಲೆಕಟ್ಟನ್ನು ಕೊಡಲಿಯಲ್ಲಿ ಕಡಿದ ಹಾಗೆ ಮೋಟು ಮಾಡಿತ್ತು. ತರಗತಿಯಲ್ಲಿ ಎಲ್ಲರಿಗಿಂತ ದುಂಡಗೆ ಬರೆಯುತ್ತಿದ್ದ ಹುಡುಗಿ. ಒಂದು ಕಡೆ ಮರೆತು ತಲೆಕಟ್ಟು ಮುಂದಕ್ಕೆ ಬಾಗಿಬಿಟ್ಟಿತ್ತು, ಅದನ್ನು ರಬ್ಬರಿನಲ್ಲಿ ಉಜ್ಜಿ ಉಜ್ಜಿ ಹಾಳೆಯೇ ಹರಿದಿತ್ತು.

"ಇದೇನವ್ವ ಭಾನು, ಹಿಂಗ್ ಬರ್ದಿದ್ದೀಯಾ? ಕೊಡಿಲ್ಲಿ." ಟೀಚರ ಕೈ ತಾನಾಗಿಯೇ ಪೆನ್ಸಿಲಿಗೆ ಹೋಯಿತು.

ಭಾನು ಪುಸ್ತಕ ಎಳೆದುಕೊಂಡಳು. ಎದೆಗೆ ಅವಚಿಕೊಂಡಳು.

"ಬ್ಯಾಡ ಮಿಸ್. ನಿಮ್ಮಂಗೆ ಬರೆದ್ರೆ ಪೊಲೀಸ್ನೋರು ಬತ್ತಾರೆ. ಅಮ್ಮ ಹೊಡೆದ್ಳು. ಈಗ ನಾನು ಹಿಂಗೇ ಬರಿಯೋದು ಕಲ್ತ್ಕೊಂಡಿವ್ನಿ."

ಮಜ್ಜಿಗೆ ಲೋಟ ಹಿಡಿದು ಬಂದ ಮುನಿಗಂಗಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಲೋಟ ಕೊಡಲೂ ಇಲ್ಲ, ಒಳಗೆ ಹೋಗಲೂ ಇಲ್ಲ. "ತಪ್ಪು ತಿಳ್ಕೋಬ್ಯಾಡಿ ಮಿಸ್," ಅಂದಳು. "ನಂಗಿರೋದು ಒಬ್ಳೇ ಮಗಳು."

ಸುಗುಣಾ ಅಲ್ಲೇ ಕುಕ್ಕುರುಗಾಲಲ್ಲಿ ಕೂತಳು. ಭಾನು ಪುಸ್ತಕದ ಮೇಲಿಂದ ಅವಳ ಮುಖವನ್ನೇ ನೋಡುತ್ತಿದ್ದಳು, ಸರಿಯೋ ತಪ್ಪೋ ಅಂತ ಟೀಚರು ಹೇಳಲಿ ಅಂತ ಕಾಯುತ್ತಿದ್ದಳು. ಸುಗುಣಾ ಪೆನ್ಸಿಲನ್ನು ಮಗುವಿನ ಕೈಗೆ ವಾಪಸು ಕೊಟ್ಟಳು.

"ಸರಿಯಾಗೈತೆ ಕಣವ್ವ," ಅಂದಳು. "ಹಂಗೇ ಬರಿ."